ಗಂಧವನ್ನರಸಿ ಬಂದ ನೊಣ

ನಮ್ಮ ಮುಧೋಳ ಸೀಮೆಯ ಮಾವು, ಪೇರಲ ತೋಟಗಳಿಗೆ ಮುತ್ತುವ ಹಣ್ಣುನೊಣವು ನೋಡಲು ಚೆಲುವಾದುದೇ: ಸುಮಾರು 8 ಮಿಲಿಮೀಟರಿನ ಒಡಲು, ಕಪ್ಪು ಬೆನ್ನಿನ ಮೇಲೆ ಹಳದಿ ಪಟ್ಟೆ, ಹೊಟ್ಟೆಯ ಮೇಲೆ ಆಂಗ್ಲರ ‘ಟಿ’ ಅಕ್ಷರದಂಥ ಕರಿಗುರುತು. ಗಂಡುನೊಣವು ಮೀಥೈಲ್ ಯೂಜಿನಾಲ್ ಎಂಬ ಗಂಧದ್ರವ್ಯವನ್ನು (ನಮ್ಮ ತುಲಸಿಯಲ್ಲಿಯೂ ಇದುಂಟು) ಅರಸಿ ಉಂಡು, ಒಡಲೊಳಗೆ ಮಾರ್ಪಡಿಸಿಕೊಂಡು, ಮುಚ್ಚಂಜೆಯಲ್ಲಿ ಆ ಪರಿಮಳದಿಂದಲೇ ಹೆಣ್ಣನ್ನು ಕರೆಯುತ್ತದೆ. ಅದೇ ಗಂಧಕ್ಕೆ ವಿಷ ಬೆರೆಸಿ ನಾವು ಬಲೆ ತೂಗುಹಾಕುತ್ತೇವೆ. ಕಾಯಿಯನ್ನು ಚುಚ್ಚಿ ತತ್ತಿಯಿಡುವುದು ಹೆಣ್ಣು. ಬಲೆಯಲ್ಲಿ ಸಾಯುವುದು ಗಂಡು.

ದೀಪಕ್ಕೆರಗುವ ಪತಂಗವನ್ನು ಪೂರ್ವಿಕರು ವಿಷಯಲೋಲುಪರಿಗೆ ದೃಷ್ಟಾಂತವಾಗಿ ಕೊಟ್ಟರು. ಈ ನೊಣವನ್ನೂ ಆ ಸಾಲಿಗೆ ಸೇರಿಸುವುದು ನನಗೆ ಅನ್ಯಾಯವೆಂದು ತೋರುತ್ತದೆ. ಸಂತತಿಗೆ ಬೇಕಾದ ಯೋಗ್ಯತೆಯನ್ನು ಗಳಿಸಲು ಬಂದ ಪ್ರಾಣಿಯನ್ನು ವಂಚಿಸಿ ಕೊಂದವರು, ಕಾಮುಕನೆಂದು ಅದನ್ನು ಹಳಿಯಬಹುದೇ? ರೈತನು ಬಲೆ ಕಟ್ಟಬಾರದೆಂದು ನಾನು ಹೇಳೆನು. ಗಂಡುಗಳು ಅಳಿದರೆ ಹೆಣ್ಣುಗಳು ಕೂಡದೆ ಉಳಿದು ಹುಳದ ಕಾಟ ತಗ್ಗುತ್ತದೆ. ತೋಟಕ್ಕೆಲ್ಲ ವಿಷ ಸಿಂಪಡಿಸುವುದಕ್ಕಿಂತ ಇದು ಲೇಸು, ಜೇನುಹುಳಕ್ಕೂ ಅಪಾಯ ಕಡಮೆ.