ಹತ್ತು ಜನರ ಹುಲ್ಲುಕಡ್ಡಿ

ಹೋದ ಮಾಘದಲ್ಲಿ ನಮ್ಮ ಬೀದಿಯ ವಾಟ್ಸಾಪ್ ಗುಂಪಿಗೆ ಒಂದು ಸಂದೇಶ ಬಂತು. ಮೂರನೇ ಮನೆಯ ಹೆಂಗಸಿಗೆ ಮಿದುಳಿನ ರಕ್ತನಾಳ ಒಡೆದಿದೆ, ತುರ್ತಾಗಿ ಆಪರೇಷನ್ ಆಗಬೇಕು, ಕೆಳಗೆ ಕ್ಯೂಆರ್ ಕೋಡ್. ಸಂಜೆಯೊಳಗೆ ಇನ್ನೂರು, ಐನೂರು ಅಂತ ಸ್ಕ್ರೀನ್‌ಶಾಟ್‌ಗಳು ಸಾಲುಗಟ್ಟಿದವು. ಯಾರೋ ಹಿರಿಯರು ಬರೆದರು: ‘ಹತ್ತು ಜನರ ಹುಲ್ಲುಕಡ್ಡಿ ಒಬ್ಬನ ತಲೆಹೊರೆ.’ ಆಕೆ ಬದುಕಿಕೊಂಡರು. ಗುಂಪು ಮತ್ತೆ ಕಸದ ಗಾಡಿ, ನಲ್ಲಿ ನೀರಿನ ಜಗಳಕ್ಕೆ ಮರಳಿತು. ಗಾದೆ ಮಾತ್ರ ನನ್ನನ್ನು ಬಿಡಲಿಲ್ಲ.

ಇದನ್ನು ‘ಹನಿ ಹನಿ ಕೂಡಿದರೆ ಹಳ್ಳ’ದ ಜೊತೆಗೆ ಕಟ್ಟಿ ಉಳಿತಾಯದ ಪಾಠ ಹೇಳುವವರಿದ್ದಾರೆ. ಅದು ಶಾಲೆಯ ಗೋಡೆಬರಹದ ಅರ್ಥ. ಹನಿ ಸೇರಿದ್ದು ಹಳ್ಳವಾದರೆ ಅದನ್ನು ಯಾರೂ ಹೊರಬೇಕಿಲ್ಲ. ಹಲವರು ಮಾಡಿದ ತಪ್ಪು ಒಬ್ಬನ ತಲೆಗೆ ಬರುತ್ತದೆ ಎಂಬ ಕುಹಕದ ಅರ್ಥವನ್ನೂ ಕೇಳಿದ್ದೇನೆ. ಹುಲ್ಲನ್ನು ತಪ್ಪು ಎಂದವರು ದನ ಸಾಕಿದವರಲ್ಲ.

ನನ್ನ ಕಣ್ಣು ಹೋಗುವುದು ಕೊನೆಯ ಪದದ ಮೇಲೆ. ಹುಲ್ಲಿನ ಹೊರೆ ಹೊತ್ತವರಿಗೆ ಗೊತ್ತು, ಅದನ್ನು ತಾನೇ ತಲೆಗೇರಿಸಿಕೊಳ್ಳಲಾಗದು. ತಲೆಗೆ ಸಿಂಬೆ ಬೇಕು, ಎದುರು ನಿಂತು ಎತ್ತಿಸಲು ಇನ್ನೊಬ್ಬರು ಬೇಕು. ಆಮೇಲೆ ದಾರಿಯುದ್ದಕ್ಕೂ ಕತ್ತು ಒಬ್ಬರದೇ. ಅದಕ್ಕೇ ಹಿಂದಿನವರು ದಾರಿಬದಿಯಲ್ಲಿ ಹೊರೆಗಲ್ಲು ನೆಡುತ್ತಿದ್ದರು, ತುಸು ಇಳಿಸಿ ಉಸಿರಾಡಲಿ ಎಂದು. ಗಾದೆ ಕಡ್ಡಿ ಕೊಟ್ಟ ಹತ್ತು ಜನರನ್ನು ಹೊಗಳಿ ಮುಗಿಸುವುದಿಲ್ಲ. ತಲೆ ಒಬ್ಬನದು ಎನ್ನುತ್ತದೆ.

ಆಸ್ಪತ್ರೆ ಮಾಡಿದ್ದು ಎತ್ತಿಸುವ ಕೆಲಸ, ಅದೇನು ಸಣ್ಣದಲ್ಲ. ನಾಳದ ಗೋಡೆ ತೆಳುವಾದಲ್ಲಿ ಉಬ್ಬಿದ ಗುಳ್ಳೆ ಒಡೆದಾಗ ತಲೆಗೆ ಸಿಡಿಲು ಬಡಿದಂಥ ನೋವು. ಎಷ್ಟೋ ಜನ ಆಸ್ಪತ್ರೆ ಮುಟ್ಟುವುದೇ ಇಲ್ಲ. ತೊಡೆಸಂದಿಯ ನಾಳದಿಂದ ಕೂದಲೆಳೆಯಂಥ ಕೊಳವೆ ಹಾಯಿಸಿ, ಗುಳ್ಳೆಯೊಳಗೆ ಪ್ಲಾಟಿನಂ ತಂತಿಯನ್ನು ಸುರುಳಿ ಸುತ್ತುತ್ತಾರೆ. ಅದೂ ಒಂದು ಸಿಂಬೆಯೇ. ಇಲ್ಲವೇ ಬುರುಡೆ ತೆರೆದು ಗುಳ್ಳೆಯ ಕುತ್ತಿಗೆಗೆ ಕ್ಲಿಪ್ ಹಾಕುತ್ತಾರೆ. ಅಮೆರಿಕದ ವಾಲ್ಟರ್ ಡ್ಯಾಂಡಿ 1937ರಲ್ಲಿ ತೋರಿಸಿಕೊಟ್ಟ ದಾರಿ. ಬಳಿಕ ನಾಳಗಳು ಸೆಡೆತು ಮಿದುಳಿಗೆ ರಕ್ತ ಕಡಿಮೆಯಾಗದಿರಲೆಂದು ನಾಲ್ಕು ಗಂಟೆಗೊಮ್ಮೆ ನಿಮೋಡಿಪಿನ್, 21 ದಿನ. ಆಮೇಲೆ ಡಿಸ್ಚಾರ್ಜ್.

ಯುಗಾದಿ ಕಳೆದು ಆ ಮೂರನೇ ಮನೆಯ ಹೆಂಗಸನ್ನು ನೋಡಲು ಹೋಗಿದ್ದೆ. ಆಕೆ ಉಪ್ಪಿನ ಡಬ್ಬಿ ಹಿಡಿದು ‘ಬಸ್ಸು’ ಎಂದರು. ಅದು ಬಸ್ಸಲ್ಲ ಎಂದು ಅವರಿಗೂ ಗೊತ್ತಿತ್ತು. ತುಟಿ ಕಚ್ಚಿ ಡಬ್ಬಿಯನ್ನು ಕಟ್ಟೆಯ ಮೇಲೆ ಕುಕ್ಕಿದರು. ಮರಗೆಲಸದ ಗಂಡ ವಾರಕ್ಕೆ ಮೂರು ದಿನ ಕೆಲಸ ಬಿಟ್ಟು ಫಿಸಿಯೋಥೆರಪಿಗೆ ಕರೆದೊಯ್ಯುತ್ತಿದ್ದ. ಇನ್ನೊಮ್ಮೆ ಹಣ ಕೇಳಲು ಅವನಿಗೆ ಬಾಯಿ ಬರಲಿಲ್ಲ. ‘ಹುಷಾರಾದ್ರಲ್ಲ, ಇನ್ನೇನು?’ ಎಂದು ನಮ್ಮಲ್ಲೇ ಯಾರೋ ಕೇಳಿಯೂ ಆಗಿತ್ತು. ಹೊಸ ಫೋನ್ ತಗೊಂಡಿದ್ದಾನಂತೆ ಎಂಬ ಪಿಸುಮಾತು ಬೇರೆ. ಒಂದು ಕಡ್ಡಿ ಕೊಟ್ಟವರಿಗೆ ಇಡೀ ಬಣವೆಯ ಲೆಕ್ಕ ಬೇಕು!

ಇಂಗ್ಲೆಂಡಿನ ನಟಿ ಎಮಿಲಿಯಾ ಕ್ಲಾರ್ಕ್ ನೆನಪಾಗುವುದು ಇಲ್ಲೇ. 2011ರ ಫೆಬ್ರವರಿ, ‘ಗೇಮ್ ಆಫ್ ಥ್ರೋನ್ಸ್’ ಟಿವಿ ಧಾರಾವಾಹಿಯ ಮೊದಲ ಸರಣಿಯ ಚಿತ್ರೀಕರಣ ಮುಗಿಸಿದ್ದ 24ರ ಹುಡುಗಿ, ಲಂಡನ್ನಿನ ಜಿಮ್‌ನಲ್ಲಿ ಕುಸಿದಳು. ಅವಳ ಮಿದುಳಿನಲ್ಲೂ ಇಂಥದೇ ಗುಳ್ಳೆ ಒಡೆದಿತ್ತು. ಜೀವ ಉಳಿಯಿತು, ಆದರೆ ಕೆಲ ದಿನ ತನ್ನ ಹೆಸರನ್ನೇ ಹೇಳಲಾಗಲಿಲ್ಲ. 2013ರಲ್ಲಿ ಇನ್ನೊಂದು ಗುಳ್ಳೆಗೆ ನ್ಯೂಯಾರ್ಕ್‌ನಲ್ಲಿ ಚಿಕಿತ್ಸೆ. ಅದು ಕೆಟ್ಟು, ಬುರುಡೆಯನ್ನೇ ತೆರೆಯಬೇಕಾಯಿತು. ಇದನ್ನೆಲ್ಲ ಆಕೆ ಊರಿಗೆ ಹೇಳಿದ್ದು 2019ರಲ್ಲಿ. ಹೇಳಿ ಸುಮ್ಮನಾಗಲಿಲ್ಲ. ತಾಯಿ ಜೆನ್ನಿಫರ್ ಜೊತೆ ‘ಸೇಮ್‌ಯೂ’ ಎಂಬ ಸಂಸ್ಥೆ ಕಟ್ಟಿ ಹಣ ಎತ್ತತೊಡಗಿದಳು. ಆಪರೇಷನ್ನಿಗಲ್ಲ, ಆಪರೇಷನ್ ಆದ ಮೇಲಿನ ಚೇತರಿಕೆಗೆ. 2020ರಲ್ಲಿ ಕೋವಿಡ್‌ಗೆಂದು ಹಾಸಿಗೆ ತೆರವು ಮಾಡಿ ಇಂಥ ರೋಗಿಗಳನ್ನು ಬೇಗ ಮನೆಗೆ ಕಳಿಸಿದಾಗ, ದೇಣಿಗೆ ಕೊಟ್ಟವರಲ್ಲಿ 12 ಮಂದಿಯನ್ನು ಆರಿಸಿ ವಿಡಿಯೋ ಕರೆಯಲ್ಲೇ ಅವರೊಂದಿಗೆ ಊಟಕ್ಕೆ ಕೂರುವುದಾಗಿ ಹೇಳಿದಳು. ಸಿರಿವಂತೆಗೆ ಇದು ಸುಲಭ ಎನ್ನಬಹುದು, ಒಪ್ಪೋಣ. ಆದರೂ ಹೊರೆಗಲ್ಲು ಎಲ್ಲಿ ನೆಡಬೇಕೆಂದು ಆ ತಾಯಿ ಮಗಳಿಗೆ ಗೊತ್ತಾಗಿದೆ, ನಮಗಿಲ್ಲ.

ನಮ್ಮ ಸರ್ಕಾರಿ ಯೋಜನೆಯ ಕಣ್ಣೂ ಹಾಸಿಗೆಯ ಮೇಲೆಯೇ. ಬಿಪಿಎಲ್ ಕುಟುಂಬಕ್ಕೆ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕದಲ್ಲಿ ವರ್ಷಕ್ಕೆ 5 ಲಕ್ಷದವರೆಗೆ ಚಿಕಿತ್ಸೆ ಇದೆ, ದೊಡ್ಡ ಮಾತು. ಆದರೆ ‘ಉಪ್ಪು’ ಎಂಬ ಪದವನ್ನು ಮತ್ತೆ ಕಲಿಸುವವರು, ಬೆರಳು ಮಡಚಿಸುವವರು, ಆಟೋ ಬಾಡಿಗೆ, ಗಂಡನ ಹೋದ ಕೂಲಿ, ಇವು ಯಾವ ಪ್ಯಾಕೇಜಿನಲ್ಲಿ ಬರುತ್ತವೆ? ಸುಗ್ಗಿಯಲ್ಲಿ ಹುಲ್ಲು ಯಾರ ಅಂಗಳದಲ್ಲೂ ಇರುತ್ತದೆ. ದನ ಒದರುವುದು ಚೈತ್ರ, ವೈಶಾಖದಲ್ಲಿ.

ಕಳೆದ ಸಲ ನಾನೂ ಐನೂರು ಹಾಕಿ ಸ್ಕ್ರೀನ್‌ಶಾಟ್ ಕಳಿಸಿದವನೇ, ಬೇರೆಯವರಿಗೆ ಬುದ್ಧಿ ಹೇಳಲು ಮುಖವಿಲ್ಲ. ಕೇಳಿಕೊಳ್ಳುವುದಿಷ್ಟು: ನಿಮ್ಮ ಫೋನಿನಲ್ಲೂ ಅಂಥದೊಂದು ಹಳೆಯ ಸಂದೇಶ ಇದ್ದೀತು. ಆ ಮನೆಗೆ ಒಮ್ಮೆ ಫೋನ್ ಮಾಡಿ. ಫಿಸಿಯೋಥೆರಪಿಗೆ ಒಂದು ಸಲಕ್ಕೆ ಎಷ್ಟು ಎಂದು ಕೇಳಿ, ತಿಂಗಳಿಗೆ ಎರಡು ಸಲದ್ದು ನನ್ನದು ಎಂದುಬಿಡಿ.