ದಂಡ ತೆತ್ತರೆ ಋಣ ತೀರಿತೆ?

ದಾಸನಕೊಪ್ಪದಿಂದ ಶಿರಸಿಯ ಪೇಟೆಗೆ ಕಾರಿನಲ್ಲಿ ಹೋಗಿಬರುವ ಗೃಹಸ್ಥನೊಬ್ಬನು ವಿಮೆಯ ಕಂತನ್ನು ಮುಂದೂಡಿದ್ದಾನೆನ್ನೋಣ. ಸಿಕ್ಕಿಬಿದ್ದರೆ ದಂಡ ಕಟ್ಟಿದರಾಯಿತೆಂಬುದು ಅವನ ಸಮಾಧಾನ. 1988ರ ಮೋಟಾರು ವಾಹನ ಕಾಯಿದೆಯ 146ನೆಯ ಕಲಮು ಕಡ್ಡಾಯಗೊಳಿಸಿರುವುದು ಮೂರನೆಯ ವ್ಯಕ್ತಿಯ ಹಾನಿಗೆ ಒದಗುವ ವಿಮೆಯನ್ನು; ಸ್ವಂತ ವಾಹನದ ಹಾನಿಯ ವಿಮೆಯನ್ನಲ್ಲ. ತಪ್ಪಿದರೆ, 2019ರ ತಿದ್ದುಪಡಿಯಂತೆ, 196ನೆಯ ಕಲಮಿನಲ್ಲಿ ಮೊದಲ ಸಲ 2,000 ರೂಪಾಯಿ, ಮರುಕಳಿಸಿದರೆ 4,000 ರೂಪಾಯಿ ದಂಡ, ಇಲ್ಲವೆ 3 ತಿಂಗಳವರೆಗಿನ ಸೆರೆವಾಸ, ಇಲ್ಲವೆ ಎರಡೂ.

ಆದರೆ ಆ ಹಣ ಸರಕಾರದ ಬೊಕ್ಕಸಕ್ಕೆ ಸಲ್ಲುವುದು. ಕಾರು ತಾಗಿ ಕಾಲು ಮುರಿದ ಕೂಲಿಯವನ ಮನೆಗೆ ಅದರಲ್ಲಿ ಬಿಡಿಗಾಸೂ ಇಲ್ಲ. ಮೋಟಾರು ಅಪಘಾತ ಪರಿಹಾರ ನ್ಯಾಯಮಂಡಳಿ ವಿಧಿಸುವ ಮೊತ್ತವನ್ನು, ವಿಮೆಯಿಲ್ಲದಾಗ, ಮಾಲೀಕನೇ ತೆರಬೇಕು. ಅವನಲ್ಲಿ ಇಲ್ಲವಾದರೆ ತೀರ್ಪು ಕಾಗದದಲ್ಲಿಯೇ ಉಳಿಯುತ್ತದೆ.

ಏನೂ ಆಗಲಿಲ್ಲವಲ್ಲ ಎನ್ನಬಹುದು. ಜೀವಿ ಸತ್ತರೂ ಬದುಕಿದರೂ ಎಚ್ಚರಗೇಡಿಗೆ ಹಿಂಸಾದೋಷ ತಪ್ಪದೆಂಬುದು ಕುಂದಕುಂದಾಚಾರ್ಯರ ಪ್ರವಚನಸಾರದ ನಿಲುವು. ವಿಮೆಯೇನೋ ಅಪಘಾತವನ್ನು ತಡೆಯದು, ನಿಜ. ಆದರೂ ಪರರ ನೋವಿಗೆ ಹೊಣೆಯಾಗುವ ಶಕ್ತಿಯನ್ನು ಮೊದಲೇ ಕೂಡಿಸಿಕೊಳ್ಳದೆ ದಾರಿಗಿಳಿಯುವುದೂ ಪ್ರಮಾದವೇ ಎಂದು ನನ್ನ ಎಣಿಕೆ.

ಯಾತ್ರೆಗೆ ಹೊರಡುವ ಟ್ರಸ್ಟಿನ ವಾಹನದ ವಿಮಾಪತ್ರ ಯಾರ ಕಪಾಟಿನಲ್ಲಿದೆ, ಅದರ ಅವಧಿ ಎಂದಿಗೆ ಮುಗಿಯುತ್ತದೆ ಎಂಬುದನ್ನು ನಮ್ಮ ಬಸದಿಗಳ ಧರ್ಮದರ್ಶಿಗಳಲ್ಲಿ ಎಷ್ಟು ಮಂದಿ ಬಲ್ಲರು?