ಮಕ್ಕಳ ಮನೋವ್ಯಥೆ ಮತ್ತು ಮಾತಾಪಿತರ ಹೊಣೆ





ಮದೀನಾದಲ್ಲಿ ಉಮ್ಮು ಸುಲೈಮ್(ರ) ಅವರ ಮನೆಗೆ ಪ್ರವಾದಿವರ್ಯರು(ಸ) ಆಗಾಗ ಹೋಗುತ್ತಿದ್ದರು. ಆ ಮನೆಯಲ್ಲಿ ಅಬೂ ಉಮೈರ್ ಎಂಬ ಪುಟ್ಟ ಬಾಲಕನಿದ್ದ. ಅವನೊಡನೆ ಪ್ರವಾದಿವರ್ಯರು ವಿನೋದವಾಗಿ ಮಾತನಾಡುತ್ತಿದ್ದರು. ಒಂದು ದಿನ ಹೋದಾಗ ಬಾಲಕನ ಮುಖ ಬಾಡಿತ್ತು. ಇವನಿಗೇನಾಗಿದೆ ಎಂದು ಮನೆಯವರನ್ನು ವಿಚಾರಿಸಿದರು. ಅವನು ಆಡಿಸುತ್ತಿದ್ದ ಹಕ್ಕಿ ಸತ್ತುಹೋಗಿದೆ ಎಂಬ ಉತ್ತರ ಬಂತು. ಪ್ರವಾದಿವರ್ಯರು ಆ ಹಕ್ಕಿಯ ಮಾತನ್ನೇ ಎತ್ತಿ ಅವನನ್ನು ಪ್ರೀತಿಯಿಂದ ಮಾತನಾಡಿಸಿದರು.

ಇದರಲ್ಲಿ ನಮಗೆ ಮೂರು ಪಾಠಗಳಿವೆ. ಅವರು ಮಗುವಿನ ಮುಖವನ್ನು ಗಮನಿಸಿದರು. ಕಾರಣವನ್ನು ಕೇಳಿದರು. ಕಾರಣ ತಿಳಿದ ಮೇಲೆ, ಇಷ್ಟಕ್ಕೆಲ್ಲ ದುಃಖಪಡುವುದೇ ಎಂದು ಹೀಯಾಳಿಸಲಿಲ್ಲ. ಒಂದು ಇಡೀ ಸಮುದಾಯದ ಭಾರ ಹೊತ್ತಿದ್ದ ಪ್ರವಾದಿವರ್ಯರಿಗೆ ಒಬ್ಬ ಬಾಲಕನ ದುಃಖವನ್ನು ವಿಚಾರಿಸಲು ಸಮಯವಿತ್ತು. ನಮಗಿದೆಯೇ?

ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು ಕಡೆಯ ನಮ್ಮ ಅನೇಕ ಕುಟುಂಬಗಳಲ್ಲಿ ತಂದೆ ಬೆಳಗ್ಗೆ ಕೂಲಿಗೋ ವ್ಯಾಪಾರಕ್ಕೋ ಹೋದರೆ ಬರುವುದು ರಾತ್ರಿಗೆ. ಅಡಿಕೆ ಸುಗ್ಗಿ ಬಂತೆಂದರೆ ತಾಯಿಯೂ ಅಡಿಕೆ ಸುಲಿಯಲು ಹೋಗುತ್ತಾಳೆ. ಹೊಟ್ಟೆಪಾಡಿನ ಈ ದುಡಿಮೆ ತಪ್ಪಲ್ಲ, ಅದೂ ಆರಾಧನೆಯೇ. ಆದರೆ ಇದರ ನಡುವೆ ಮನೆಯಲ್ಲಿ ಬೆಳೆಯುತ್ತಿರುವ ಹದಿನಾಲ್ಕು, ಹದಿನಾರರ ಮಗ ಅಥವಾ ಮಗಳು ಮೌನವಾಗುತ್ತಿರುವುದು ಕಣ್ಣಿಗೆ ಬೀಳದೆ ಹೋಗಬಹುದು.

ಅವಿಧೇಯತೆಯೋ, ಅನಾರೋಗ್ಯವೋ?

ಹದಿಹರೆಯವೆಂದರೆ ಏರಿಳಿತದ ಕಾಲ. ಒಂದು ದಿನ ಸಿಟ್ಟು, ಮರುದಿನ ನಗು. ಇದನ್ನೆಲ್ಲ ರೋಗವೆನ್ನಬಾರದು. ಆದರೆ ಎರಡು ವಾರ ಕಳೆದರೂ ಬದಲಾವಣೆ ಬಿಡದಿದ್ದರೆ, ಅದು ಮಗುವಿನ ನಿದ್ರೆ, ಊಟ, ಓದು, ಗೆಳೆತನಗಳನ್ನು ಕೆಡಿಸುತ್ತಿದ್ದರೆ ನಾವು ಎಚ್ಚೆತ್ತುಕೊಳ್ಳಬೇಕು. ರಾತ್ರಿಯಿಡೀ ಎಚ್ಚರವಾಗಿರುವುದು ಅಥವಾ ಹಗಲೆಲ್ಲ ಮಲಗಿರುವುದು, ಇಷ್ಟವಾಗಿದ್ದ ಕ್ರಿಕೆಟ್ಟೂ ಬೇಡವಾಗುವುದು, ಕಾರಣವಿಲ್ಲದೆ ಅಳು, ಪರೀಕ್ಷಿಸಿದರೆ ಏನೂ ಕಾಣದ ತಲೆನೋವು ಹೊಟ್ಟೆನೋವು, ಏಕಾಏಕಿ ಕುಸಿಯುವ ಅಂಕಗಳು, ಯಾರೂ ಇಲ್ಲದಿದ್ದರೂ ಧ್ವನಿ ಕೇಳಿಸುತ್ತದೆ ಎನ್ನುವುದು, ಎಲ್ಲರೂ ತನ್ನ ವಿರುದ್ಧ ಸಂಚು ಹೂಡುತ್ತಿದ್ದಾರೆಂಬ ಭಯ, ತನ್ನ ಮೈಗೆ ತಾನೇ ಗಾಯ ಮಾಡಿಕೊಳ್ಳುವುದು, ಅಮಲಿನ ಚಟ. ಇವೆಲ್ಲ ಮನಸ್ಸು ನೊಂದಿರುವ ಸೂಚನೆಗಳಾಗಿರಬಹುದು.

ನಮ್ಮ ಮನೆಗಳಲ್ಲಿ ಇನ್ನೊಂದು ಸೂಚನೆಯಿದೆ. ಫಜ್ರ್‌ಗೆ ತಾನಾಗಿ ಏಳುತ್ತಿದ್ದ ಹುಡುಗ ಏಳುವುದನ್ನೇ ಬಿಡುತ್ತಾನೆ. ಕುರ್‌ಆನ್ ಓದುತ್ತಿದ್ದ ಹುಡುಗಿ ಅದನ್ನು ತೆರೆಯುವುದೇ ಇಲ್ಲ. ನಾವು ತಕ್ಷಣ ತೀರ್ಪು ಕೊಡುತ್ತೇವೆ: ಈಮಾನ್ ದುರ್ಬಲವಾಗಿದೆ, ಮೊಬೈಲ್ ಹಾಳು ಮಾಡಿದೆ, ನಮಾಜ್ ಬಿಟ್ಟದ್ದಕ್ಕೇ ಮನಸ್ಸು ಕೆಟ್ಟಿದೆ. ಆದರೆ ಎಷ್ಟೋ ಸಲ ವಿಷಯ ತಿರುವುಮುರುವಾಗಿರುತ್ತದೆ. ಮನಸ್ಸು ಕಾಯಿಲೆಬಿದ್ದದ್ದರಿಂದಲೇ ನಮಾಜಿಗೆ ಏಳಲು ಆಗುತ್ತಿಲ್ಲ. ಖಿನ್ನತೆಯಿರುವ ಮಗುವಿಗೆ ಹಾಸಿಗೆಯಿಂದ ಮೇಲೇಳುವುದೇ ಬೆಟ್ಟ ಹತ್ತಿದಂತೆ. ಜ್ವರದಿಂದ ಮಲಗಿದವನನ್ನು ಸೋಮಾರಿ ಎಂದು ಹೊಡೆಯುವವರುಂಟೇ?

ಇದಕ್ಕೆ ವ್ಯತಿರಿಕ್ತವಾದ ಸ್ಥಿತಿಯೂ ಉಂಟು. ಮಗಳು ಒಂದು ವುಝೂವಿಗೆ ಅರ್ಧ ಗಂಟೆ ನಲ್ಲಿಯ ಮುಂದೆ ನಿಲ್ಲುತ್ತಾಳೆ. ಮತ್ತೆ ಮತ್ತೆ ಕೈ ತೊಳೆಯುತ್ತಾಳೆ. ನಿಯ್ಯತ್ ಸರಿಯಾಗಲಿಲ್ಲವೆಂದು ಅದೇ ನಮಾಜನ್ನು ನಾಲ್ಕು ಬಾರಿ ಮಾಡಿ ಅಳುತ್ತಾಳೆ. ಮನೆಯವರು ಎಷ್ಟು ದೇವಭಕ್ತಿ ಎಂದು ಹೆಮ್ಮೆಪಡುತ್ತಾರೆ. ಪ್ರವಾದಿವರ್ಯರು(ಸ) ಒಂದು ಮುದ್ದ್, ಅಂದರೆ ಒಂದು ಲೀಟರಿಗಿಂತಲೂ ಕಡಿಮೆ ನೀರಿನಲ್ಲಿ ವುಝೂ ಮಾಡುತ್ತಿದ್ದರು. ಧರ್ಮವು ಸುಲಭವಾಗಿಸಿದ್ದು ಈ ಮಗುವಿಗೆ ಯಾತನೆಯಾಗಿದ್ದರೆ ಅದು ಭಕ್ತಿಯಲ್ಲ, ವಸ್ವಾಸ್. ವೈದ್ಯರು ಇದನ್ನು ಗೀಳು ರೋಗ ಎನ್ನುತ್ತಾರೆ. ಇದಕ್ಕೆ ಚಿಕಿತ್ಸೆಯಿದೆ.

ಇದು ಎಲ್ಲೋ ಒಬ್ಬರ ಸಮಸ್ಯೆಯಲ್ಲ. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯು 2015-16ರಲ್ಲಿ ನಡೆಸಿದ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯ ಪ್ರಕಾರ 13ರಿಂದ 17 ವರ್ಷದವರಲ್ಲಿ ಶೇಕಡಾ 7.3ರಷ್ಟು ಮಕ್ಕಳಿಗೆ ಯಾವುದಾದರೊಂದು ಮಾನಸಿಕ ತೊಂದರೆಯಿತ್ತು. ಹಾಗೆಂದರೆ 40 ಮಕ್ಕಳ ಒಂದು ತರಗತಿಯಲ್ಲಿ ಇಬ್ಬರು ಮೂವರು.

ದುವಾ ಇರಲಿ, ದವಾ ಬಿಡಬೇಡಿ

ಇಂಥ ಮಗುವನ್ನು ನಾವು ಮೊದಲು ಕರೆದೊಯ್ಯುವುದು ಎಲ್ಲಿಗೆ? ನಜರ್ ತಗುಲಿದೆ, ಜಿನ್ನ್ ಹಿಡಿದಿದೆ, ಯಾರೋ ಮಾಟ ಮಾಡಿಸಿದ್ದಾರೆ ಎನ್ನುತ್ತೇವೆ. ತಾಯಿತಕ್ಕೂ ಆಮಿಲರಿಗೂ ಸಾವಿರಾರು ರೂಪಾಯಿ ಸುರಿಯುತ್ತೇವೆ. ತಿಂಗಳುಗಳು ಉರುಳುತ್ತವೆ, ಕಾಯಿಲೆ ಬೇರುಬಿಡುತ್ತದೆ. ಕುರ್‌ಆನ್ ಪಠಿಸಿ ಮಗುವಿಗಾಗಿ ದುವಾ ಮಾಡುವುದನ್ನು ಯಾರೂ ಬೇಡವೆನ್ನುವುದಿಲ್ಲ. ಆದರೆ ಅದರ ಹೆಸರಿನಲ್ಲಿ ಮಗುವನ್ನು ಹೊಡೆಯುವುದಕ್ಕೂ ಕಟ್ಟಿಹಾಕುವುದಕ್ಕೂ ಧರ್ಮದಲ್ಲಿ ಆಧಾರವಿಲ್ಲ.

2001ರ ಆಗಸ್ಟ್ 6ರಂದು ತಮಿಳುನಾಡಿನ ಏರ್ವಾಡಿಯಲ್ಲಿ ನಡೆದದ್ದನ್ನು ಸಮುದಾಯ ಮರೆಯಬಾರದು. ದರ್ಗಾಕ್ಕೆ ಬಂದ ಮನೋರೋಗಿಗಳನ್ನು ಇರಿಸಿಕೊಳ್ಳುತ್ತಿದ್ದ ಒಂದು ಖಾಸಗಿ ಆಶ್ರಯದಲ್ಲಿ ಬೆಂಕಿ ಬಿತ್ತು. ಸರಪಳಿಯಲ್ಲಿ ಬಂಧಿತರಾಗಿದ್ದವರು ಓಡಲಾರದೆ ಹೋದರು. 28 ಮಂದಿ ಸತ್ತರು. ಅವರನ್ನು ಅಲ್ಲಿಗೆ ಕರೆತಂದವರು ಅವರ ಮನೆಯವರೇ. ಗುಣವಾಗಲಿ ಎಂಬ ಆಸೆಯಿಂದಲೇ ತಂದಿದ್ದರು.

ಒಳ್ಳೆಯ ಮಾದರಿಯೂ ನಮ್ಮ ಮುಂದಿದೆ. ಗುಜರಾತಿನ ಉನಾವಾದ ಮೀರಾ ದಾತಾರ್ ದರ್ಗಾದಲ್ಲಿ 2008ರಲ್ಲಿ ದವಾ-ದುವಾ ಎಂಬ ಕಾರ್ಯಕ್ರಮ ಆರಂಭವಾಯಿತು. ಅಲ್ಲಿನ ಮುಜಾವರರೇ ರೋಗಲಕ್ಷಣಗಳನ್ನು ಗುರುತಿಸಿ, ಪ್ರಾರ್ಥನೆಗೆ ಬಂದವರನ್ನು ಮನೋವೈದ್ಯರ ಬಳಿಗೆ ಕಳುಹಿಸತೊಡಗಿದರು. ನಮ್ಮ ಇಮಾಮರೂ ಮದ್ರಸಾ ಉಸ್ತಾದರೂ ಇದನ್ನೇಕೆ ಮಾಡಬಾರದು?

ಚಿಕಿತ್ಸೆ ಪಡೆಯುವುದು ತವಕ್ಕುಲ್‌ಗೆ ವಿರುದ್ಧವಲ್ಲ. ಅಲ್ಲಾಹನು ಔಷಧವಿಲ್ಲದ ರೋಗವನ್ನು ಇಳಿಸಿಲ್ಲ, ಆದ್ದರಿಂದ ಚಿಕಿತ್ಸೆ ಪಡೆಯಿರಿ ಎಂದು ಪ್ರವಾದಿವರ್ಯರು(ಸ) ಕಲಿಸಿದ್ದಾರೆ. ಮನಸ್ಸಿನ ರೋಗವನ್ನು ಅವರು ಇದರಿಂದ ಹೊರಗಿಡಲಿಲ್ಲ. ಕ್ರಿ.ಶ. 934ರಲ್ಲಿ ನಿಧನರಾದ ಅಬೂ ಝೈದ್ ಅಲ್-ಬಲ್ಖೀ ಎಂಬ ವಿದ್ವಾಂಸರು ದೇಹ ಮತ್ತು ಮನಸ್ಸು ಎರಡರ ಆರೋಗ್ಯದ ಬಗೆಗೂ ಗ್ರಂಥ ಬರೆದರು. ಕಾರಣ ಗೊತ್ತಿರುವ ದುಃಖ ಬೇರೆ, ಕಾರಣ ತಿಳಿಯದ ದುಃಖ ಬೇರೆ ಎಂದು ಅವರು ವಿಂಗಡಿಸಿದರು. ಎರಡನೆಯದರ ಮೂಲ ಶರೀರದಲ್ಲಿದೆ, ಅದಕ್ಕೆ ವೈದ್ಯಕೀಯ ಉಪಚಾರ ಬೇಕು ಎಂದರು. ನಮ್ಮ ಪೂರ್ವಿಕರು ಸಾವಿರ ವರ್ಷಗಳ ಹಿಂದೆ ಅರಿತದ್ದನ್ನು ನಾವು ಇಂದು ನಾಚಿಕೆಯಿಂದ ಮುಚ್ಚಿಡುತ್ತಿದ್ದೇವೆ.

ವಿಶೇಷವಾಗಿ ಹೆಣ್ಣುಮಕ್ಕಳ ವಿಷಯದಲ್ಲಿ. ಸುದ್ದಿ ಹರಡಿದರೆ ಸಂಬಂಧ ಬರುವುದಿಲ್ಲವೆಂಬ ಭಯ. ಕೆಲವರು ನಿಕಾಹ್ ಮಾಡಿದರೆ ಎಲ್ಲ ಸರಿಹೋಗುತ್ತದೆ ಎಂದು ಅವಸರಪಡುತ್ತಾರೆ. ನಿಕಾಹ್ ಒಂದು ಹೊಣೆಗಾರಿಕೆ, ಔಷಧವಲ್ಲ. ನೊಂದ ಮಗಳ ಹೆಗಲಿಗೆ ಇನ್ನೊಂದು ಸಂಸಾರದ ಭಾರ ಹೊರಿಸುವುದು ಅವಳಿಗೂ ಅನ್ಯಾಯ, ವರನಿಗೂ ಅನ್ಯಾಯ.

ಏನು ಮಾಡಬೇಕು?

ಮೊದಲು ಮಾತನಾಡಿಸಿ. ಹತ್ತು ಜನರ ಮುಂದೆ ಬೇಡ, ಏಕಾಂತದಲ್ಲಿ. ಬೇಟಾ, ಕೆಲವು ದಿನಗಳಿಂದ ನೀನು ಊಟ ಮಾಡುತ್ತಿಲ್ಲ, ಏನಾಗಿದೆ ಎಂದು ಕೇಳಿ, ಆಮೇಲೆ ಸುಮ್ಮನಿದ್ದು ಆಲಿಸಿ. ಉಪದೇಶಕ್ಕೆ ಮುಂದೆ ಸಮಯವಿದೆ. ಅನಸ್(ರ) ಬಾಲ್ಯದಿಂದ ಹತ್ತು ವರ್ಷ ಪ್ರವಾದಿವರ್ಯರ(ಸ) ಸೇವೆಯಲ್ಲಿದ್ದರು. ಅಷ್ಟು ವರ್ಷಗಳಲ್ಲಿ ಒಮ್ಮೆಯೂ ತಮ್ಮ ಮೇಲೆ ಬೇಸರದ ಒಂದು ಉದ್ಗಾರವನ್ನೂ ಅವರು ತೆಗೆಯಲಿಲ್ಲವೆಂದು ಅನಸ್ ಸ್ಮರಿಸಿದ್ದಾರೆ. ಅವರ ಹದಿಹರೆಯ ಕಳೆದದ್ದು ಅಂಥ ನೆರಳಿನಲ್ಲಿ.

ಸತ್ತರೆ ಸಾಕು, ನಾನಿಲ್ಲದಿದ್ದರೆ ನಿಮಗೆ ನೆಮ್ಮದಿ ಎಂಬ ಮಾತು ಮಗುವಿನ ಬಾಯಿಂದ ಬಂದರೆ ಅದನ್ನು ನಾಟಕವೆನ್ನಬೇಡಿ. ಅದು ಹರಾಮ್, ನರಕ ಎಂದು ಬೆದರಿಸಿ ಬಾಯಿ ಮುಚ್ಚಿಸಲೂ ಬೇಡಿ. ಹೆದರಿದ ಮಗು ಮತ್ತೆ ನಿಮ್ಮಲ್ಲಿ ಹೇಳಿಕೊಳ್ಳುವುದಿಲ್ಲ. ಸಾಯುವ ಯೋಚನೆ ಬರುತ್ತಿದೆಯೇ ಎಂದು ನೇರವಾಗಿ, ಪ್ರೀತಿಯಿಂದ ಕೇಳಿ. ಕೇಳುವುದರಿಂದ ಆ ಯೋಚನೆ ಹುಟ್ಟುವುದಿಲ್ಲ, ಎದೆಯ ಭಾರ ಇಳಿಯುತ್ತದೆ. ಮಗುವನ್ನು ಒಂಟಿಯಾಗಿ ಬಿಡಬೇಡಿ. ತೋಟಕ್ಕೋ ಮೆಕ್ಕೆಜೋಳಕ್ಕೋ ತಂದಿಟ್ಟ ಕೀಟನಾಶಕವನ್ನೂ ಮನೆಯ ಮಾತ್ರೆಗಳನ್ನೂ ಬೀಗ ಹಾಕಿಡಿ. ಅದೇ ದಿನ ಆಸ್ಪತ್ರೆಗೆ ಕರೆದೊಯ್ಯಿರಿ.

ಎಲ್ಲಿಗೆ ಹೋಗಬೇಕೆಂದು ತಿಳಿಯದಿದ್ದರೆ 14416ಕ್ಕೆ ಕರೆ ಮಾಡಿ. ಇದು 2022ರ ಅಕ್ಟೋಬರ್‌ನಲ್ಲಿ ಆರಂಭವಾದ ಟೆಲಿ ಮಾನಸ್ ಎಂಬ ಸರಕಾರಿ ಸೇವೆ. ಹಗಲು ರಾತ್ರಿ ಉಚಿತವಾಗಿ, ಕನ್ನಡದಲ್ಲೇ ಮಾತನಾಡಬಹುದು. ಮನೋಚೈತನ್ಯ ಕಾರ್ಯಕ್ರಮದಡಿ ತಾಲೂಕು ಆಸ್ಪತ್ರೆಗಳಲ್ಲಿ ನಿಗದಿತ ಮಂಗಳವಾರಗಳಂದು ಮನೋವೈದ್ಯರು ನೋಡುವ ಏರ್ಪಾಡಿದೆ. ಯಾವ ಮಂಗಳವಾರವೆಂದು ಆಸ್ಪತ್ರೆಯಲ್ಲೋ ನಿಮ್ಮ ಓಣಿಯ ಆಶಾ ಕಾರ್ಯಕರ್ತೆಯಲ್ಲೋ ವಿಚಾರಿಸಿ. ಜಗಳೂರಿನವರಿಗೆ ದಾವಣಗೆರೆಯ ಚಿಗಟೇರಿ ಆಸ್ಪತ್ರೆ, ಹೊನ್ನಾಳಿ-ನ್ಯಾಮತಿಯವರಿಗೆ ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆ ಹತ್ತಿರ. ಚನ್ನಗಿರಿಯವರು ಎರಡರಲ್ಲಿ ಅನುಕೂಲವಾದಲ್ಲಿಗೆ ಹೋಗಬಹುದು.

ಅಲ್ಲಿ ಎಲ್ಲರಿಗೂ ಮಾತ್ರೆ ಕೊಡುವುದಿಲ್ಲ. ಹಲವು ಮಕ್ಕಳಿಗೆ ಆಪ್ತ ಸಮಾಲೋಚನೆ ಎಂಬ ಮಾತಿನ ಚಿಕಿತ್ಸೆಯೇ ಸಾಕಾಗುತ್ತದೆ. ಮಾತ್ರೆ ಕೊಟ್ಟರೆ ಸ್ವಲ್ಪ ಗುಣವಾಯಿತೆಂದು ನೀವಾಗಿ ನಿಲ್ಲಿಸಬೇಡಿ. ರಮಝಾನ್ ಬಂದಾಗ ಉಪವಾಸದ ಬಗ್ಗೆ ವೈದ್ಯರನ್ನು ಕೇಳಿ. ರೋಗಿಗೆ ಉಪವಾಸವನ್ನು ಮುಂದೂಡುವ ರಿಯಾಯಿತಿಯನ್ನು ಕೊಟ್ಟವನು ಅಲ್ಲಾಹನೇ.

ಸಹೋದರ ಸಹೋದರಿಯರೇ, ಮಕ್ಕಳು ನಮ್ಮ ಬಳಿ ಇರುವ ಅಮಾನತ್ತು. ಅವರ ಪ್ರಾಣ, ಅವರ ಬುದ್ಧಿ ಎರಡನ್ನೂ ಕಾಪಾಡುವುದು ಶರೀಅತ್ತಿನ ಉದ್ದೇಶಗಳಲ್ಲಿ ಸೇರಿದೆ. ಇಂದು ಇಶಾ ನಮಾಜಿನ ನಂತರ ಮೊಬೈಲನ್ನು ಬದಿಗಿಟ್ಟು ಮಗನ, ಮಗಳ ಪಕ್ಕದಲ್ಲಿ ಕುಳಿತುಕೊಳ್ಳೋಣ. ಹೇಗಿದ್ದೀಯಾ ಎಂದು ಕೇಳೋಣ.

ಅಲ್ಲಾಹನು ನಮ್ಮ ಮಕ್ಕಳ ದೇಹಕ್ಕೂ ಮನಸ್ಸಿಗೂ ಆರೋಗ್ಯವನ್ನು ದಯಪಾಲಿಸಲಿ, ಅವರ ನೋವನ್ನು ಅರಿಯುವ ಕಣ್ಣನ್ನು ನಮಗೆ ಕರುಣಿಸಲಿ. ಆಮೀನ್.